ಗೋಡೆಯಾಚೆಯ ಧಾಟಿ

ನಾನು ಬರೆಯುವುದು ಒಡಪು. ಯಾರಾದರೂ ‘ಇವರು ಕವಿತೆ ಬರೀತಾರ’ ಅಂದರೆ ಅಲ್ಲೇ ತಿದ್ದುತ್ತೇನೆ. ನಮ್ಮ ಕಡೆಯ ಹೆಂಗಸರು ಗಂಡನ ಹೆಸರನ್ನು ಸುಮ್ಮಸುಮ್ಮನೆ ಬಾಯಿಗೆ ತರುವುದಿಲ್ಲ. ಮದುವೆಯಲ್ಲಿ, ಬಸುರಿಗೆ ಮಾಡುವ ಕುಬಸದಲ್ಲಿ, ಹೊಸ ಸೊಸೆ ಮನೆ ಹೊಗುವಾಗ ನಾಲ್ಕು ಜನ ಅಡ್ಡ ನಿಂತು ‘ಹೆಸರು ಹೇಳು’ ಎಂದು ಕಾಡುತ್ತಾರೆ. ಆಗ ಪ್ರಾಸ ಹೊಂದಿಸಿ ಎರಡೋ ನಾಲ್ಕೋ ಸಾಲು ಹೇಳಿ, ಅದರ ಕೊನೆಯಲ್ಲಿ ಗಂಡನ ಹೆಸರನ್ನು ಕೂಡಿಸಬೇಕು. ಅದೇ ಒಡಪು. ಬೀದರ, ಕಲಬುರಗಿ ಕಡೆಯಿಂದ ಬಂದು ಹೈದರಾಬಾದಿನಲ್ಲಿ ನೆಲೆಸಿದ ನಮ್ಮ ಮನೆಗಳಲ್ಲಿ, ಹೊರಗೆ ತೆಲುಗು ಹಿಂದಿ ಎಷ್ಟೇ ಓಡಲಿ, ಬಾಗಿಲಲ್ಲಿ ನಿಂತಾಗ ಒಡಪು ಕನ್ನಡದಲ್ಲೇ ಆಗಬೇಕು.

ಈಗಿನ ಹುಡುಗಿಯರು ವಾಟ್ಸಾಪಿನಲ್ಲಿ ಬಂದದ್ದನ್ನು ಉರು ಹೊಡೆಯುತ್ತಾರೆ. ಫ್ರಿಜ್ಜು, ಸ್ಕೂಟಿ, ಐಸ್‌ಕ್ರೀಮು ಎಲ್ಲ ತುಂಬಿಸಿ, ಜಾಗ ಉಳಿದರೆ ಗಂಡನನ್ನೂ ತುರುಕುವ ಒಡಪುಗಳವು. ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ‘ನಾಚಾರಂ ಮಂದಾಕಿನಿಬಾಯಿ ಕಡೆ ಬರೆಸಿದ್ದು’ ಅಂದರೆ ಮಾತ್ರ ಮದುವೆಮನೆಯಲ್ಲಿ ಅದಕ್ಕೊಂದು ತೂಕ. ಹುಡುಗನ ಹೆಸರೇನು, ಮೂಲ ಯಾವ ಊರು, ಅತ್ತೆ ಎಂಥವಳು, ಇಷ್ಟು ಕೇಳಿಕೊಂಡು ಎರಡು ದಿನ ಟೈಮು ತೆಗೆದುಕೊಳ್ಳುತ್ತೇನೆ.

ಆ ಎರಡು ದಿನ ನನಗೆ ಸಂಗೀತ ಬೇಕು. ಇದನ್ನು ಸೋಗು ಅಂದುಕೊಳ್ಳಬೇಡಿ. ಸದ್ದಿಲ್ಲದೆ ಕೂತರೆ ನನ್ನ ತಲೆಗೆ ಬರುವುದು ನಾಳೆಯ ಪಲ್ಯ. ಕಿವಿಗೆ ಒಂದು ಲಯ ಬಿದ್ದರೆ ಮಾತ್ರ ಕೈ ಓಡುತ್ತದೆ. ನನ್ನ ಮಗಳು ಕಾವ್ಯಾ ಪಟಾನ್‌ಚೆರುವಿನ ಔಷಧ ಕಂಪನಿಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಕಂಪನಿ ಬಸ್ಸಿನಲ್ಲಿ ಹೋಗಿಬರುವಷ್ಟು ಹೊತ್ತೂ ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡಿರುವವಳು. ಒಮ್ಮೆ ಅದನ್ನು ನನ್ನ ಕಿವಿಗೂ ಸಿಕ್ಕಿಸಿದಳು. ಸಿನಿಮಾ ಹಾಡು ಹಾಕಿದರೆ ಆ ಹಾಡಿನ ಮಾತುಗಳೇ ಬಂದು ನನ್ನ ಮಾತುಗಳನ್ನು ಮೂಲೆಗೆ ತಳ್ಳಿ ಕೂತವು. ವೀಣೆ ಹಾಕಿದರೆ ನಿದ್ದೆ ಬಂತು. ‘ಇದು ಏಕಾಗ್ರತೆಗೆ, ಮಮ್ಮಿ’ ಅಂತ ಮಳೆಯ ಸದ್ದು ಹಾಕಿಕೊಟ್ಟಳು. ಒಂದು ಗಂಟೆಯಲ್ಲಿ ಮೂರು ಸಲ ಬಚ್ಚಲಿಗೆ ಹೋಗಿಬಂದೆ.

ನನಗೆ ಒಗ್ಗಿದ್ದು ನಮ್ಮವರ ಹಾರ್ಮೋನಿಯಂ ಒಂದೇ. ಅವರ ಹೆಸರು ಕೇಳಬೇಡಿ. ಹೇಳಬೇಕೆಂದರೆ ಒಡಪು ಹೇಳಬೇಕು, ಅದಕ್ಕೆ ಈಗ ಪುರಸೊತ್ತಿಲ್ಲ. ನಾಚಾರಂ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಫಿಟರ್. ನಮ್ಮ ಕಡೆಯ ಹತ್ತು ಜನ ಕೂಡಿ ಕಟ್ಟಿಕೊಂಡ ಭಜನಾ ಮೇಳದಲ್ಲಿ ಹಾರ್ಮೋನಿಯಂ ಅವರದು. ಪ್ರತಿ ಭಾನುವಾರ ಬೆಳಿಗ್ಗೆ ಮುಂದಿನ ಖೋಲಿಯಲ್ಲಿ ಅಭ್ಯಾಸಕ್ಕೆ ಕೂರುತ್ತಾರೆ. ಹಾಡುತ್ತ ನುಡಿಸಿದರೆ ಬೆರಳು ತಪ್ಪುತ್ತದೆಂದು ಬರೀ ನುಡಿಸುತ್ತಾರೆ. ಗೋಡೆಯ ಈಚೆ ಅಡಿಗೆಮನೆಯಲ್ಲಿ ನಾನು, ಹಳೆಯ ಕ್ಯಾಲೆಂಡರಿನ ಹಾಳೆ ಬೆನ್ನಿಗೆ ತಿರುಗಿಸಿಕೊಂಡು, ಪೆನ್ಸಿಲ್ ಹಿಡಿದು ಕೂತಿರುತ್ತೇನೆ. ಮಾತಿಲ್ಲದ ಧಾಟಿ ಬರುತ್ತದೆ, ಅದರೊಳಗೆ ನನ್ನ ಮಾತು ಹೋಗಿ ಕೂರುತ್ತದೆ. ಇಪ್ಪತ್ತಾರು ವರ್ಷದಿಂದ ಹೀಗೇ ನಡೆದಿದೆ. ಇದನ್ನು ಅವರಿಗೆ ಎಂದೂ ಹೇಳಿರಲಿಲ್ಲ. ಹೇಳಿದ್ದರೆ ಒಡಪಿನ ಅರ್ಧ ಹೆಸರು ತಮ್ಮದೆಂದು ಎಸ್ಟೇಟ್ ತುಂಬ ಡಂಗುರ ಸಾರಿಬಿಡುತ್ತಿದ್ದರು.

ಅವರ ಮೇಳಕ್ಕೆ ಗೃಹಪ್ರವೇಶದ ಕರೆ ಬರುವ ಹಾಗೆಯೇ ಸಾವಿನ ಮನೆಯ ಕರೆಯೂ ಬರುತ್ತದೆ. ಹೋದವರನ್ನು ಗೋಡೆಗೆ ಒರಗಿಸಿ ಕೂಡಿಸಿದ ಹೊತ್ತಿನಿಂದ ಎತ್ತಿಕೊಂಡು ಹೋಗುವವರೆಗೆ ಭಜನೆ ನಿಲ್ಲಬಾರದು. ಅಂಥ ಮನೆಗಳಿಗೆ ನಾನು ಹೋದರೂ ಒಳಗೆ ಅಳುವವರ ನಡುವೆ ಕೂತಿರುತ್ತೇನೆ. ಹೊರಗೆ ಗಂಡಸರು ಏನು ಹಾಡಿದರು ಎಂದು ಕಿವಿಗೊಟ್ಟವಳಲ್ಲ.

ಕಳೆದ ಮಳೆಗಾಲದಲ್ಲಿ ಬರ್ಕತ್‌ಪುರದ ಒಂದು ಮನೆಯಿಂದ ಅಂಥ ಕರೆ ಬಂತು. ಅಬಿಡ್ಸ್‌ನಲ್ಲಿ ನೋಟುಪುಸ್ತಕದ ಅಂಗಡಿ ಇಟ್ಟಿದ್ದ ಚನ್ನಬಸಪ್ಪ ಎಂಬ ಹಿರಿಯರು ತೀರಿಕೊಂಡಿದ್ದರು. ಅಂದು ಸಂಜೆ ನಮ್ಮವರು ಮನೆಗೆ ಬಂದವರೇ ಊಟ ಬೇಡವೆಂದರು. ಅಷ್ಟು ಜನರೆದುರು ಒಂದು ಕಡೆ ಬೆರಳು ತಪ್ಪಿತಂತೆ. ಮುಂದಿನ ಭಾನುವಾರದಿಂದ ಹಟ ಹಿಡಿದು ಒಂದೇ ಧಾಟಿಯನ್ನು ನುಡಿಸತೊಡಗಿದರು. ನಾನು ಮೊದಲು ಕೇಳಿರದ ಧಾಟಿ. ನಿಧಾನಕ್ಕೆ ನಡೆಯುತ್ತ ನಡೆಯುತ್ತ ಪ್ರತಿ ಸಾಲಿನ ಕೊನೆಗೆ ಒಂದು ಎಳೆತ, ಒಂದು ನಿಲುಗಡೆ. ಎಷ್ಟು ಚಂದವಿತ್ತೆಂದರೆ ಒಗ್ಗರಣೆ ಸೀದುಹೋದದ್ದೂ ಗೊತ್ತಾಗಲಿಲ್ಲ. ಯಾವುದಿದು ಎಂದು ನಾನು ಕೇಳಬೇಕಿತ್ತು. ಕೇಳಿದರೆ ಅವರು ಉಬ್ಬುತ್ತಾರೆಂದು ಕೇಳಲಿಲ್ಲ. ಅದು ನನ್ನ ಬಿಗುಮಾನ.

ಅದೇ ಮನೆಯಿಂದ ಕಾವ್ಯಾಳಿಗೆ ಸಂಬಂಧ ಬಂತು. ಮೂರನೆಯ ದಿನದ ಭಜನೆಗೆ ಅಪ್ಪನನ್ನು ಸ್ಕೂಟಿಯಲ್ಲಿ ಬಿಡಲು ಹೋದವಳನ್ನು ಆ ಮನೆಯ ಸೊಸೆ ಶೋಭಾ ಚಹಾಕ್ಕೆ ಒಳಗೆ ಕರೆದಿದ್ದರು. ಅವರ ಮಗ ಮಹೇಶಕುಮಾರ ಅಂಗಡಿ ನೋಡಿಕೊಳ್ಳುತ್ತಾನೆ. ಮಾತು ಕಡಿಮೆ, ಮುಖ ಒಳ್ಳೆಯದು. ಮನೆಯಲ್ಲಿ ಹಿರಿಯರು ಹೋದರೆ ವರ್ಷದೊಳಗೆ ಮದುವೆ ಮಾಡಬೇಕು, ತಪ್ಪಿದರೆ ಮೂರು ವರ್ಷ ಮಾಡುವಂತಿಲ್ಲ ಎನ್ನುವುದು ಅವರ ಮನೆಯ ನಡಾವಳಿ. ಐದೇ ತಿಂಗಳಿಗೆ ಮುಹೂರ್ತ ಇಟ್ಟರು.

ಅಲ್ಲಿಂದ ಶುರುವಾಯಿತು ಪಿಸುಮಾತು. ‘ಸಾವಿನ ಮನ್ಯಾಗ ಕಂಡ ಹುಡುಗಿ’ ಎಂದು ಅವರ ಬಳಗದಲ್ಲಿ ಯಾರೋ ಅಂದರಂತೆ. ಮದುವೆಗೆ ವಾರವಿದ್ದಾಗ ಮಹೇಶಕುಮಾರ ಕಾಚಿಗುಡ ಸ್ಟೇಷನ್ ಎದುರಿಗೆ ಬೈಕಿನಿಂದ ಜಾರಿ ಬಿದ್ದು ಮೊಣಕೈ ತರಚಿಕೊಂಡ. ಹೈದರಾಬಾದಿನ ರಸ್ತೆಯಲ್ಲಿ ಜಾರದವರು ಯಾರಿದ್ದಾರೆ ಹೇಳಿ? ಆದರೂ ಶೋಭಾ ಫೋನು ಮಾಡಿದರು.

“ನೋಡ್ರಿ ಮಂದಾಕಿನಿಬಾಯಿ, ನಂಗ ಇಂಥಾದ್ರಾಗ ನಂಬಿಕಿ ಇಲ್ಲ. ಆದ್ರ ಮಂದಿ ಬಾಯಿ ಐತಲ್ಲ. ಇನ್ನೊಂದ ಏನಾರ ಹೆಚ್ಚುಕಮ್ಮಿ ಆತಂದ್ರ ಹುಡುಗಿ ಕಾಲ್ಗುಣ ಅಂತಾರ. ಒಮ್ಮೆ ಅಂದ್ರಂದ್ರ ಸಾಯೂತನಾ ಬಿಡೂದಿಲ್ಲರಿ.”

ಕಾಲ್ಗುಣ ಎನ್ನುವ ಮಾತು ಒಮ್ಮೆ ಅಂಟಿದರೆ ಹೋಗುವುದಿಲ್ಲ. ಅಂಗಡಿಯಲ್ಲಿ ವ್ಯಾಪಾರ ಇಳಿದರೂ ಅವಳೇ ಕಾರಣ, ಅತ್ತೆಗೆ ಜ್ವರ ಬಂದರೂ ಅವಳೇ ಕಾರಣ. ಲ್ಯಾಬಿನಲ್ಲಿ ನೂರೆಂಟು ಮಷಿನು ನಡೆಸುವ ನನ್ನ ಮಗಳು ಜನ್ಮವಿಡೀ ಹೊಸ್ತಿಲಲ್ಲಿ ತಲೆ ತಗ್ಗಿಸಿ ನಿಲ್ಲಬೇಕು. ನನ್ನ ಕೈಯಲ್ಲಿ ಇದ್ದದ್ದು ಒಂದೇ. ಅವಳು ಆ ಬಾಗಿಲಲ್ಲಿ ಹೇಳುವ ಒಡಪು ಎಲ್ಲರ ಬಾಯಿ ಮುಚ್ಚಿಸುವಂತೆ ಇರಬೇಕು.

ಆ ಭಾನುವಾರ ಬೆಳಿಗ್ಗೆ ಎಂಟಕ್ಕೇ ಪೆನ್ಸಿಲ್ ಹಿಡಿದು ಕೂತೆ. ಗೋಡೆಯಾಚೆ ಅದೇ ಧಾಟಿ ಶುರುವಾಯಿತು. ನಾನು ಇಪ್ಪತ್ತಾರು ವರ್ಷದಲ್ಲಿ ಅಷ್ಟು ಸರಾಗವಾಗಿ ಬರೆದದ್ದಿಲ್ಲ. ನಾಲ್ಕು ಸಾಲು, ಒಂದಕ್ಷರ ಅಳಿಸದೆ ಬಂದವು. ಓದಿಕೊಂಡಾಗ ನನಗೇ ಕಣ್ಣು ತುಂಬಿತು. ರಾತ್ರಿ ಬಾಗಿಲು ಹಾಕಿಕೊಂಡು ಕಾವ್ಯಾಳಿಗೆ ಹೇಳಿಕೊಟ್ಟೆ. ಹೇಳುವ ಮೊದಲು ಒಡಪು ಮನೆಯ ಗಂಡಸರ ಕಿವಿಗೆ ಬೀಳಬಾರದೆಂಬುದು ನಾನೇ ಮಾಡಿಕೊಂಡ ನಿಯಮ. ಒಡಪನ್ನು ಹಾಡುವುದಿಲ್ಲ, ಹೇಳುವುದು. ಆದರೆ ಅದು ಬಂದ ಧಾಟಿ ನನ್ನ ಬಾಯಲ್ಲಿ ಹಾಗೇ ಇತ್ತು, ಹೇಳಿಕೊಡುವಾಗ ಅವಳ ಬಾಯಿಗೂ ಹೋಯಿತು. ಅವಳು ಬಸ್ಸಿನಲ್ಲಿ ಹೋಗುತ್ತ ಬರುತ್ತ ಗುನುಗಿ ಗುನುಗಿ ಪಾಠ ಮಾಡಿಕೊಂಡಳು.

ಮದುವೆ ಯಾವ ತೊಡಕೂ ಇಲ್ಲದೆ ಮುಗಿಯಿತು. ಹೆಣ್ಣಿನ ತಾಯಿ ತಂದೆ ಮನೆ ತುಂಬಿಸಲು ಹೋಗುವ ಪದ್ಧತಿ ನಮ್ಮಲ್ಲಿಲ್ಲ. ಆದರೆ ‘ಒಂದೇ ಊರಾಗ ಇದ್ದು ಎಂಥಾದ್ರಿ, ನೀವೂ ಬರ್ರಿ’ ಎಂದು ಶೋಭಾ ಕರೆದರು. ಬರ್ಕತ್‌ಪುರದ ಅವರ ಫ್ಲಾಟು ಮೂರನೆಯ ಮಹಡಿಯಲ್ಲಿದೆ. ಲಿಫ್ಟಿನಲ್ಲಿ ಮದುಮಕ್ಕಳು ಹೋದರು, ನಾವು ಮೆಟ್ಟಿಲು ಹತ್ತಿದೆವು. ಮಧ್ಯಾಹ್ನ ಎರಡು ಗಂಟೆ. ವರಾಂಡದ ತುಂಬ ಜನ, ಚಪ್ಪಲಿ, ಹೂವಿನ ಬುಟ್ಟಿ. ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು ಇಟ್ಟಿದ್ದರು. ಮಹೇಶಕುಮಾರನ ತಂಗಿಯರು ಬಾಗಿಲಿಗೆ ಕೈ ಅಡ್ಡ ಹಿಡಿದು ನಿಂತಿದ್ದರು. ಅವರ ಹಿಂದೆ ಆರತಿ ತಟ್ಟೆ ಹಿಡಿದ ಶೋಭಾ. ಚನ್ನಬಸಪ್ಪನವರ ಹೆಂಡತಿ ಗುರುಬಾಯಿ ಕಾಣಲಿಲ್ಲ. ಗಂಡ ಹೋದವಳು ಮದುಮಗಳಿಗೆ ಎದುರಾಗಬಾರದೆಂದು ಒಳಖೋಲಿಯಲ್ಲಿ ಕೂಡಿಸಿದ್ದರು. ಆಗ ಅದು ನನಗೆ ತಪ್ಪೆಂದು ಅನಿಸಲಿಲ್ಲ, ನಿಜ ಹೇಳುತ್ತೇನೆ. ಒಳ್ಳೆಯದೇ ಆಯಿತು ಅಂದುಕೊಂಡೆ.

“ಹೆಸರ ಹೇಳ ವೈನಿ, ಇಲ್ಲಂದ್ರ ವಾಪಸ್ ಪಟಾನ್‌ಚೆರು ಬಸ್ ಹತ್ತು,” ಎಂದು ನಾದಿನಿಯರು ನಕ್ಕರು.

ಕಾವ್ಯಾ ಒಮ್ಮೆ ನನ್ನ ಕಡೆ ನೋಡಿದಳು. ಆಮೇಲೆ ಶುರು ಮಾಡಿದಳು. ಗಾಬರಿಯಲ್ಲಿ ಹೇಳುವುದು ಮರೆತು, ಬಸ್ಸಿನಲ್ಲಿ ಗುನುಗಿದ ಹಾಗೆಯೇ ಹಾಡಿದಳು:

ತವರೀನ ಓಣೀಯ ದಾಟಿ ಬಂದೀನಿ,
ತುಂಬೀದ ಕೊಡದಾಗ ತಿಳಿನೀರ ತಂದೀನಿ,
ಹೊಸ್ತೀಲಿಗಿ ಹೂವಿಟ್ಟು ಹೊರಗ ನಿಂತೀನಿ,
ಮಹೇಶಕುಮಾರರ ಹೆಸರ್ಹೇಳಿ ಒಳಗ ಬರತೀನಿ.

ಮೊದಲ ಸಾಲಿಗೆ ಯಾರೋ ವ್ಹಾ ಅಂದರು. ಎರಡನೆಯ ಸಾಲಿಗೆ ವರಾಂಡ ಸುಮ್ಮನಾಯಿತು. ಮೆಚ್ಚಿ ಸುಮ್ಮನಾದರೆಂದು ನಾನು ಹಿಗ್ಗಿದೆ. ಮೂರನೆಯ ಸಾಲಿಗೆ ನಮ್ಮವರ ಮುಖ ನೋಡಿದೆ. ಬಣ್ಣ ಹೋಗಿತ್ತು. ಬಾಯಿ ತೆರೆದು ಮಗಳನ್ನು ತಡೆಯುವಂತೆ ಕೈ ಎತ್ತಿದ್ದರು. ಹಾಡು ಮುಗಿಯಿತು.

ಅವರ ಬಳಗದ ಒಬ್ಬ ಗಂಡಸು, ಹುಬ್ಬು ಗಂಟು ಹಾಕಿಕೊಂಡು, “ಇದು ಕಾಕಾನ್ನ ಎತ್ತುವಾಗ ಹಾಡಿದ್ದಲ್ಲೇನ?” ಅಂದ.

ಆಗ ನನಗೆ ತಿಳಿಯಿತು. ಚನ್ನಬಸಪ್ಪನವರನ್ನು ಈ ಬಾಗಿಲಿನಿಂದಲೇ ಎತ್ತಿಕೊಂಡು, ಕೊರಳಿಗೆ ಹಾರ್ಮೋನಿಯಂ ಕಟ್ಟಿಕೊಂಡ ನಮ್ಮವರನ್ನು ಮುಂದಿಟ್ಟುಕೊಂಡು, ಓಣಿಯ ತಿರುವಿನಲ್ಲಿ ನಿಂತ ವ್ಯಾನಿನವರೆಗೆ ಹಾಡುತ್ತ ಹೋದ ಧಾಟಿ ಅದು. ಅವರ ಬೆರಳು ತಪ್ಪಿದ್ದು ಅಲ್ಲಿ. ಐದು ತಿಂಗಳು ಅವರು ನುಡಿಸಿದ್ದು ಹೆಣದ ಮುಂದಿನ ಹಾಡು. ನಾನು ಗೋಡೆಯೀಚೆ ಕೂತು ಅದಕ್ಕೆ ಮಗಳ ಮದುವೆ ಕೂಡಿಸಿದ್ದೆ.

“ಈ ಧಾಟಿ ಎಲ್ಲಿಂದ ತಂದ್ಯವ್ವಾ ಕಾವ್ಯಾ?” ಶೋಭಾ ಕೇಳಿದರು. ಹಿಂದಿನಿಂದ ಒಂದು ಹೆಣ್ಣು ದನಿ “ನಾ ಅಂದಿದ್ದಿಲ್ಲೇನು” ಅಂದದ್ದು ಎಲ್ಲರಿಗೂ ಕೇಳಿಸಿತು.

ಕಾವ್ಯಾಳಿಗೆ ಏನೂ ಗೊತ್ತಿಲ್ಲ. ಅವಳು ನನ್ನ ಕಡೆ ತಿರುಗಿದಳು. ‘ವಾಟ್ಸಾಪಿನಲ್ಲಿ ಬಂದಿತ್ತಂತೆ’ ಎನ್ನುವ ಸುಳ್ಳು ನನ್ನ ನಾಲಗೆಯ ತುದಿಗೆ ಬಂದು ಕೂತಿತ್ತು. ನನ್ನ ಹೆಸರು ಉಳಿಯುತ್ತಿತ್ತು. ಆದರೆ ಹುಡುಗಿಯೇ ಅದನ್ನು ಆರಿಸಿಕೊಂಡು ಬಂದಳು ಅಂತಾಗುತ್ತಿತ್ತು. ಜನರನ್ನು ಸರಿಸಿಕೊಂಡು ಮುಂದೆ ಹೋದೆ.

“ಅಕಿಗೆ ಗೊತ್ತಿಲ್ಲರಿ. ಬರದಾಕಿ ನಾ,” ಅಂದೆ. “ಇವರು ಪೇಟಿ ಬಾರಸೂದ ಕೇಳಿದ್ರನ ನಂಗ ಬರಿಯಾಕ ಬರತೈತಿ. ಇಪ್ಪತ್ತಾರ ವರ್ಷ ಹಂಗ ಬರದೀನಿ. ಇದು ಯಾವ ಹಾಡು ಅಂತ ನಾ ಕೇಳಲಿಲ್ಲ, ಇವರು ಹೇಳಲಿಲ್ಲ. ಅನ್ನೂದಿದ್ರ ನಂಗ ಅನ್ರಿ. ಅಕಿ ಕಾಲಿಗೆ ಏನೂ ಅನಬ್ಯಾಡ್ರಿ.”

ನನ್ನ ದನಿ ಒಡೆಯಿತು. ನನಗೆ ಅದು ಇಷ್ಟವಿಲ್ಲ, ಆದರೂ ಒಡೆಯಿತು.

“ತಪ್ಪ ನಂದೂ ಐತ್ರಿ,” ಎಂದು ನಮ್ಮವರು ಕೈ ಮುಗಿದರು. ಅಂಥ ಹೊತ್ತಿನಲ್ಲೂ ಅವರು ನನ್ನನ್ನು ನೋಡಿದ ರೀತಿಯಲ್ಲಿ, ‘ಇಪ್ಪತ್ತಾರು ವರ್ಷ ಕೇಳುತ್ತಿದ್ದೆಯಾ’ ಎನ್ನುವ ಬೆರಗು ಇತ್ತು. ಅದಕ್ಕೆ ಉತ್ತರ ಕೊಡುವ ಹೊತ್ತು ಅದಲ್ಲ.

ಅಷ್ಟರಲ್ಲಿ ಒಳಗಿನಿಂದ ಗುರುಬಾಯಿ ಬಂದರು. ಬೋಳು ಹಣೆ, ಬಣ್ಣಗೆಟ್ಟ ಇಳಕಲ್ ಸೀರೆ, ಗೋಡೆ ಹಿಡಿದುಕೊಂಡು ಒಂದೊಂದೇ ಹೆಜ್ಜೆ. ನಾದಿನಿಯರು ತಾವಾಗಿ ಕೈ ಇಳಿಸಿದರು.

“ಅತ್ತೀ, ನೀವ್ಯಾಕ ಹೊರಗ ಬಂದ್ರಿ? ಒಳಗ ನಡೀರಿ,” ಶೋಭಾ ದನಿ ತಗ್ಗಿಸಿ ಅಂದರು.

ಅವರು ಕೇಳಿಸಿಕೊಳ್ಳಲಿಲ್ಲ. ನೇರ ಹೊಸ್ತಿಲಿಗೆ ಬಂದು, ಸೇರಿನ ಆಚೆ ನಿಂತ ಕಾವ್ಯಾಳ ಎದುರಿಗೇ ನಿಂತರು. “ಇನ್ನೊಮ್ಮಿ ಹೇಳು,” ಅಂದರು.

ಕಾವ್ಯಾ ಹೇಳಿದಳು. ದನಿ ಸಣ್ಣದಾಗಿತ್ತು, ಧಾಟಿ ಮಾತ್ರ ಹಾಗೇ ಇತ್ತು. ಗುರುಬಾಯಿ ಬಾಗಿಲ ಚೌಕಟ್ಟಿನ ಮೇಲೆ ಅಂಗೈಯಿಂದ ತಾಳ ಹಾಕುತ್ತಿದ್ದರು. ಮುಗಿದಮೇಲೂ ತಾಳ ನಿಲ್ಲಲಿಲ್ಲ.

“ಐದ ತಿಂಗಳಾತು, ಈ ಮನ್ಯಾಗ ಯಾರೂ ಅವರ ಹೆಸರ ಎತ್ತವಲ್ಲರು. ಎತ್ತಿದ್ರ ಮುದುಕಿ ಅಳತಾಳ ಅಂತ ಅಂಜಿಕಿ,” ಅಂದರು. “ನನ್ನ ಕೇಳೂವ್ರು ಯಾರು?”

ನಿಜ. ಗಂಡ ಹೋದವಳನ್ನು ಯಾರೂ ಒಡಪು ಕೇಳುವುದಿಲ್ಲ. ಗಂಡನ ಜೊತೆಗೆ ಆ ಹೆಸರು ಹೇಳುವ ಅವಕಾಶವೂ ಹೋಗುತ್ತದೆ. ಇಷ್ಟು ವರ್ಷದಲ್ಲಿ ನನ್ನ ಹತ್ತಿರ ಅಂಥ ಒಡಪು ಬರೆಸಲು ಒಬ್ಬಳೂ ಬಂದಿಲ್ಲ, ಬರೆಯಬೇಕೆಂದು ನನಗೂ ಹೊಳೆದಿಲ್ಲ. ಅದನ್ನು ನೆನೆದು ನಾಚಿಕೆಯಾಯಿತು.

“ಅಜ್ಜೀ, ನೀ ಹೇಳು,” ಅಂದಳು ಕಾವ್ಯಾ. ಯಾರೂ ಹೇಳಿಕೊಟ್ಟದ್ದಲ್ಲ. ಹೊಸ್ತಿಲಾಚೆ ನಿಂತೇ ಕೇಳಿದಳು, “ಹೆಸರ ಹೇಳು.”

ಗುರುಬಾಯಿ ಅವಳನ್ನೇ ನೋಡಿದರು. ಆಮೇಲೆ ಅದೇ ತಾಳಕ್ಕೆ, ಅದೇ ಧಾಟಿಯಲ್ಲಿ, ಒಡೆದ ದನಿಯಲ್ಲಿ ಹೇಳಿದರು. ಬರೆದುಕೊಂಡದ್ದಲ್ಲ, ತಡವರಿಸಲೂ ಇಲ್ಲ:

ಐವತ್ತು ವರುಷ ಜೋಡೀಲೆ ನಡದೀನಿ,
ಓಣೀಯ ತಿರುವೀಗಿ ಒಬ್ಬಾಕಿ ನಿಂತೀನಿ,
ಹೊತ್ತವರ ಹೆಗಲೀಗಿ ಕೈಯೆತ್ತಿ ಮುಗದೀನಿ,
ಚನ್ನಬಸಪ್ಪರ ಹೆಸರ ಇವತ್ತೀಗೂ ಹೇಳತೀನಿ.

ನಾನು ಗೋಡೆಗೆ ಒರಗಿಕೊಂಡು ಅತ್ತೆ. ಅಳುತ್ತಲೇ ಹೊಟ್ಟೆಕಿಚ್ಚೂ ಆಯಿತು, ಮುಚ್ಚಿಡುವುದೇನು? ಕ್ಯಾಲೆಂಡರಿನ ಅಷ್ಟೊಂದು ಹಾಳೆಗಳಲ್ಲಿ ನಾನು ಅಂಥ ಒಂದೇ ಒಂದನ್ನೂ ಬರೆದಿಲ್ಲ. ಶೋಭಾ ಆರತಿ ತಟ್ಟೆಯನ್ನು ಮಗಳ ಕೈಗೆ ಕೊಟ್ಟು ಸೆರಗಿನಿಂದ ಮುಖ ಮುಚ್ಚಿಕೊಂಡರು. ಮಾವ ಹೋದಾಗ ಬಂದವರಿಗೆಲ್ಲ ಚಹಾ ಮಾಡುತ್ತ ನಿಂತ ಅವರಿಗೆ ಅಳಲು ಹೊತ್ತೇ ಸಿಕ್ಕಿರಲಿಲ್ಲವಂತೆ. ‘ನಾ ಅಂದಿದ್ದಿಲ್ಲೇನು’ ಅಂದ ದನಿ ಮತ್ತೆ ಕೇಳಿಸಲಿಲ್ಲ.

ಗುರುಬಾಯಿ ಕಣ್ಣೊರೆಸಿಕೊಂಡರು. “ನಂದು ಮುಗೀತು,” ಅಂದರು ಕಾವ್ಯಾಳಿಗೆ. “ಇನ್ನ ನಿಂದು. ಬಾ ಒಳಗ.”

ಅತ್ತೆಯನ್ನು ಪಕ್ಕಕ್ಕೆ ಕರೆಯಲು ಶೋಭಾ ಕೈ ಚಾಚಿದರು, ಮತ್ತೆ ಏನೆನ್ನಿಸಿತೋ ಹಿಂದಕ್ಕೆ ತೆಗೆದುಕೊಂಡರು. ಕಾವ್ಯಾ ಬಲಗಾಲಿನಿಂದ ಸೇರನ್ನು ಒದ್ದಳು. ಅಕ್ಕಿ ಮುಂದಿನ ಖೋಲಿಯ ತುಂಬ ಚೆಲ್ಲಿ ಅಜ್ಜಿಯ ಪಾದದವರೆಗೂ ಹೋಯಿತು. ಅವರು ಹಿಂದೆ ಸರಿಯಲಿಲ್ಲ.